ಡಾ ನಾಂಗ್‌ನಿಂದ ಮೈಂದರ್ಗಿಗೆ

ಡಾ ನಾಂಗ್, ವಿಯೆಟ್ನಾಂ



ಕಚೇರಿಗೆ ಹೋಗದೆ, ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ಟಿನ ಬಲದಿಂದ ಎಲ್ಲಿ ಕುಳಿತಾದರೂ ಮಾಡಬಹುದಾದ ಕೆಲಸವನ್ನು ದೂರದುಡಿಮೆ ಎನ್ನುತ್ತಾರೆ. ಆ ಕೆಲಸವನ್ನು ಜೊತೆಗಿಟ್ಟುಕೊಂಡು ಒಂದು ದೇಶದಲ್ಲಿ ಕೆಲವು ತಿಂಗಳು, ಇನ್ನೊಂದರಲ್ಲಿ ಕೆಲವು ತಿಂಗಳು ಬಿಡಾರ ಹೂಡುವವರಿಗೆ ಡಿಜಿಟಲ್ ಅಲೆಮಾರಿಗಳೆಂಬ ಹೆಸರಿದೆ. ತ್ಸುಗಿಯೊ ಮಾಕಿಮೊಟೊ ಮತ್ತು ಡೇವಿಡ್ ಮ್ಯಾನರ್ಸ್ 1997ರಲ್ಲೇ ಈ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿದ್ದರೂ, ಮೈಂದರ್ಗಿ ಇರುವ ಅಕ್ಕಲಕೋಟೆ ತಾಲ್ಲೂಕಿನ ಮನೆಗಳಿಗೆ ಅದು ತಮ್ಮದೇ ವಿಷಯವೆನಿಸಿದ್ದು 2020ರ ಲಾಕ್‌ಡೌನಿನ ನಂತರ, ಪುಣೆ, ಬೆಂಗಳೂರು, ಹೈದರಾಬಾದುಗಳ ಕಂಪನಿಗಳು ನೌಕರರನ್ನು ಅವರವರ ಊರಿಗೆ ಕಳುಹಿಸಿ, ಊರಿನಿಂದಲೇ ಕೆಲಸ ತೆಗೆದುಕೊಂಡ ಮೇಲೆ. ಪುಣೆಯಲ್ಲಿ ಬಾಡಿಗೆ ಕಟ್ಟುವ ಹಣದಲ್ಲಿ ಹೊರದೇಶದಲ್ಲಿಯೇ ಇರಬಹುದಲ್ಲ ಎಂದು ಮೈಂದರ್ಗಿಯ ಮನೆಯ ಕಿರಿಯರು ಕೇಳಿರುವ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು. ಅದಕ್ಕೆ ಸಾಧ್ಯವಾದಷ್ಟು ಖಚಿತವಾದ ಉತ್ತರ ಕೊಡುವುದು ಈ ಪತ್ರದ ಉದ್ದೇಶ.

ಅಗ್ಗದ ದೇಶಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಾಡಿಗೆ, ಊಟ, ಕಾಫಿಯ ಬೆಲೆಗಳಿಂದ ಆರಂಭಿಸುತ್ತಾರೆ. ಆ ಕ್ರಮ ಯುರೋಪ್, ಅಮೆರಿಕಗಳ ಪಾಸ್‌ಪೋರ್ಟ್ ಉಳ್ಳವರಿಗೆ ಸರಿಹೊಂದಬಹುದು. ಭಾರತದ ಪಾಸ್‌ಪೋರ್ಟ್ ಉಳ್ಳವರು ಮಾತ್ರ ಲೆಕ್ಕವನ್ನು ವೀಸಾದಿಂದ ಆರಂಭಿಸಬೇಕು. ಒಂದು ಊರಿನಲ್ಲಿ ಬದುಕಲು ಸಾಕಾಗುವ ಹಣ ಬೇರೆ, ಆ ಊರಿನ ಬಾಗಿಲು ದಾಟಲು ತೋರಿಸಬೇಕಾದ ಹಣ ಬೇರೆ. ಈ ಎರಡರ ನಡುವಿನ ಅಂತರ ಎಷ್ಟು ಕಡಿಮೆಯೋ ಆ ದೇಶ ಮೈಂದರ್ಗಿಯ ಸಾಮಾನ್ಯ ಸಂಬಳದ ತರುಣರಿಗೆ ಅಷ್ಟು ಅಗ್ಗ ಎಂಬುದು ಈ ಪತ್ರದ ವಾದ.

ವಿಯೆಟ್ನಾಮಿನಲ್ಲಿ ಆ ಅಂತರ ಸಾಕಷ್ಟು ಕಡಿಮೆ. 2023ರ ಆಗಸ್ಟ್ 15ರಿಂದ ಆ ದೇಶ ಎಲ್ಲ ದೇಶಗಳವರಿಗೂ 90 ದಿನಗಳ ಇ-ವೀಸಾ, ಅಂದರೆ ದೂತಾವಾಸಕ್ಕೆ ಅಲೆಯದೆ ಆನ್‌ಲೈನ್ ಅರ್ಜಿಯಿಂದಲೇ ದೊರೆಯುವ ಪ್ರವೇಶಪತ್ರವನ್ನು ಕೊಡುತ್ತಿದ್ದು, ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಯ ಪ್ರವೇಶಕ್ಕೆ 50 ಡಾಲರ್ ಶುಲ್ಕವಿದೆ. ಇಷ್ಟು ಸಂಬಳ ಇರಲೇಬೇಕೆಂಬ ಷರತ್ತಿಲ್ಲ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುವುದರಿಂದ ಬೆಲೆಪಟ್ಟಿಗಳಲ್ಲಿ ಲಕ್ಷಗಳ ಅಂಕಿ ಕಂಡು ಮೊದಲ ದಿನಗಳಲ್ಲಿ ಗಾಬರಿಯಾಗುವುದು ಸಹಜ. ಡಾ ನಾಂಗ್‌ನ ಕಡಲತೀರದಿಂದ ಸ್ವಲ್ಪ ಒಳಗೆ, ಹಾಸಿಗೆ, ಅಡಿಗೆ ಒಲೆ, ವೈಫೈ ಸಹಿತವಾದ ಸಣ್ಣ ಕೋಣೆಗೆ ತಿಂಗಳಿಗೆ 20,000ದಿಂದ 35,000 ರೂಪಾಯಿ ಬೀಳುತ್ತದೆ. ಇದು ಪುಣೆಯ ಹಿಂಜೆವಾಡಿಯ ಬಾಡಿಗೆಗೆ ಸಮೀಪದ ಮೊತ್ತವೇ ಹೊರತು ಅದಕ್ಕಿಂತ ಬಹಳ ಕಡಿಮೆಯದಲ್ಲ. ಸೊಲ್ಲಾಪುರದ ಬಾಡಿಗೆಗೆ ಹೋಲಿಸಿದರಂತೂ ದುಬಾರಿ. ಆದ್ದರಿಂದ ಹಣ ಉಳಿಸುವುದೊಂದೇ ಗುರಿಯಾದರೆ ಮೈಂದರ್ಗಿಯ ಮಾಳಿಗೆಮನೆಗಿಂತ ಅಗ್ಗದ ಕಚೇರಿ ಜಗತ್ತಿನಲ್ಲಿ ಬೇರೆ ಸಿಗದೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಊಟದ ವಿಷಯದಲ್ಲಿ ಹಿರಿಯರ ಚಿಂತೆ ನ್ಯಾಯವಾದದ್ದು, ಏಕೆಂದರೆ ಇಲ್ಲಿನ ಅಡಿಗೆಯಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ರಸವನ್ನು ಬೆರೆಸುವುದು ವಾಡಿಕೆ. ಆದರೆ ಬೌದ್ಧ ಸಂಪ್ರದಾಯದಿಂದ ಬಂದ ‘ಚಾಯ್’ ಎಂಬ ಶುದ್ಧ ಸಸ್ಯಾಹಾರದ ಪದ್ಧತಿಯೂ ಇಲ್ಲಿ ಗಟ್ಟಿಯಾಗಿದೆ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ, ಹುಣ್ಣಿಮೆಗಳಂದು, ಮಾಂಸಾಹಾರಿಗಳಾದ ಅನೇಕ ಕುಟುಂಬಗಳೂ ಚಾಯ್ ಊಟವನ್ನೇ ಮಾಡುತ್ತವೆ. ಫಲಕದ ಮೇಲೆ ಆ ಒಂದು ಪದವನ್ನು ಗುರುತಿಸಲು ಕಲಿತ ಲಿಂಗಾಯತ ಮನೆಯ ಹುಡುಗನೋ ಹುಡುಗಿಯೋ ಉಪವಾಸ ಬೀಳುವುದಿಲ್ಲ. ವಾರಗಟ್ಟಲೆ ಕೆಡದ ಕಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಜೊತೆಗಿದ್ದರೆ ಮೊದಲ ದಿನಗಳು ಇನ್ನಷ್ಟು ಸಲೀಸಾಗುತ್ತವೆ.

ಡಾ ನಾಂಗ್‌ನಿಂದ ನೈರುತ್ಯಕ್ಕೆ, ಬೆಟ್ಟಗಳು ಸುತ್ತುವರಿದ ಕಣಿವೆಯಲ್ಲಿರುವ ಮಿ ಸನ್ ಎಂಬ ಸ್ಥಳದ ಬಗ್ಗೆ ಇಲ್ಲಿ ಎರಡು ಮಾತು ಹೆಚ್ಚಾಗಿಯೇ ಬರೆಯಬೇಕು. ಚಂಪಾ ರಾಜ್ಯದ ಅರಸ ಭದ್ರವರ್ಮನು ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಸ್ಥಾಪಿಸಿದನು. ಅಲ್ಲಿಂದ ಹದಿಮೂರನೆಯ ಶತಮಾನದವರೆಗೆ ಒಂದಾದ ಮೇಲೊಂದರಂತೆ ಇಟ್ಟಿಗೆಯ ಗುಡಿಗಳು ಎದ್ದವು, ಸಂಸ್ಕೃತ ಶಾಸನಗಳು ಕೆತ್ತಲ್ಪಟ್ಟವು. ಅಮೆರಿಕದ ಯುದ್ಧಕಾಲದಲ್ಲಿ, 1969ರ ಬಾಂಬ್ ದಾಳಿಯಲ್ಲಿ, ಅವುಗಳಲ್ಲಿ ಅತ್ಯಂತ ಭವ್ಯವಾಗಿದ್ದ ಗೋಪುರವೇ ನೆಲಸಮವಾಯಿತು. 1999ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕ್ಷೇತ್ರದಲ್ಲಿ ಭಾರತೀಯ ಪುರಾತತ್ವ ಇಲಾಖೆಯ ತಜ್ಞರು ಜೀರ್ಣೋದ್ಧಾರ ನಡೆಸುತ್ತಿದ್ದಾಗ, 2020ರ ಮೇ ತಿಂಗಳಲ್ಲಿ, ಒಂಬತ್ತನೆಯ ಶತಮಾನದ ಏಕಶಿಲಾ ಶಿವಲಿಂಗವೊಂದು ಮಣ್ಣಿನಿಂದ ಹೊರಬಂದಿತು. ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಸಿದ್ಧರಾಮರ ಕೆರೆ ಮತ್ತು ಗುಡಿಗಳನ್ನು ನೋಡುತ್ತ ಬೆಳೆದವರಿಗೆ ಇಲ್ಲಿ ಹೊರನಾಡಿನ ಭಾವನೆ ಸ್ವಲ್ಪ ಮಟ್ಟಿಗೆ ಕರಗುತ್ತದೆ. ಅಲೆಮಾರಿ ಬದುಕಿನ ಸಾರ್ಥಕ್ಯ ಕಡಲತೀರದ ಕಾಫಿ ಅಂಗಡಿಗಳಿಗಿಂತ ಇಂಥ ಸ್ಥಳಗಳಲ್ಲಿ ಹೆಚ್ಚು ಇದೆ ಎಂಬುದರಲ್ಲಿ ಸಂದೇಹವಿಲ್ಲ.

ಆದರೂ ಒಂದು ಎಚ್ಚರಿಕೆ ಅಗತ್ಯ. ದೂರದುಡಿಮೆಯವರಿಗೆಂದು ವಿಯೆಟ್ನಾಂ ಪ್ರತ್ಯೇಕ ವೀಸಾವನ್ನು ರೂಪಿಸದೆ ಇದ್ದಾಗ ಜನ ಪ್ರವಾಸಿಗಳಾಗಿ ಬಂದು, ಹೊರದೇಶದ ಕಂಪನಿಗೆ ಕೆಲಸ ಮಾಡುತ್ತ, ಅವಧಿ ಮುಗಿಯುವಾಗ ಲಾವೋಸಿಗೋ ಕಾಂಬೋಡಿಯಕ್ಕೋ ಹೋಗಿ ಹೊಸ ವೀಸಾದೊಂದಿಗೆ ಮರಳುವ ರೂಢಿ ಬೆಳೆಯಿತು. ಇದು ರೂಢಿಯೇ ಹೊರತು ಹಕ್ಕಲ್ಲ. ಸ್ಥಳೀಯ ಕಂಪನಿಯಿಂದ ಸಂಬಳ ಪಡೆಯುವುದಂತೂ ಪ್ರವಾಸಿ ವೀಸಾದಲ್ಲಿ ನಿಷಿದ್ಧ. ಮನೆಯ ಮಾಲೀಕರು ಬಾಡಿಗೆದಾರರ ಹೆಸರನ್ನು ಸ್ಥಳೀಯ ಪೊಲೀಸರಲ್ಲಿ ನೋಂದಾಯಿಸಬೇಕೆಂಬ ನಿಯಮವೂ ಇದೆ. ಹೀಗಾಗಿ ವಿಯೆಟ್ನಾಂ ಒಂದು ಋತುವಿನ ಬಿಡಾರಕ್ಕೆ ಒಳ್ಳೆಯದು, ವರ್ಷಗಟ್ಟಲೆಯ ನೆಲೆಗೆ ಅಷ್ಟಾಗಿ ಅಲ್ಲ.

ಬಾಗಿಲೇ ಇಲ್ಲದ ದೇಶವೊಂದಿದ್ದರೆ ಅದು ನೇಪಾಳ. 1950ರ ಜುಲೈ 31ರಂದು ಸಹಿಯಾದ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ ಪ್ರಕಾರ ಒಂದು ದೇಶದ ಪ್ರಜೆಗಳು ಇನ್ನೊಂದರಲ್ಲಿ ವಾಸಿಸಲು, ಓಡಾಡಲು, ವ್ಯಾಪಾರ ಮಾಡಲು ಪರಸ್ಪರ ಅವಕಾಶವಿದೆ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿಯೂ ನಡೆಯುತ್ತದೆ. ಅಲ್ಲಿನ ರೂಪಾಯಿಯ ಬೆಲೆಯನ್ನು 1993ರಿಂದ ನಮ್ಮ ಒಂದು ರೂಪಾಯಿಗೆ 1.60 ಎಂದು ಕಟ್ಟಿಹಾಕಿರುವುದರಿಂದ ವಿನಿಮಯ ದರದ ಏರುಪೇರಿನ ಭಯವಿಲ್ಲ. 2024ರಿಂದ ಅನೇಕ ಅಂಗಡಿಗಳಲ್ಲಿ ಯುಪಿಐ ಮೂಲಕವೇ ಹಣ ಕೊಡಬಹುದಾಗಿದೆ. ಗಡಿಯಾರವೂ ಕೇವಲ ಹದಿನೈದು ನಿಮಿಷ ಮುಂದಿರುವುದರಿಂದ ಪುಣೆಯ ಬೆಳಗಿನ ಮೀಟಿಂಗಿಗೆ ಪೊಖರಾದ ಫೇವಾ ಸರೋವರದ ದಂಡೆಯಲ್ಲಿ ಕುಳಿತವರು ದಿನಚರಿಯನ್ನು ಬದಲಿಸಬೇಕಾಗಿಲ್ಲ. ಒಂದು ಕಾಲದಲ್ಲಿ ಚಳಿಗಾಲದಲ್ಲಿ ದಿನದ ಬಹುಪಾಲು ಗಂಟೆ ವಿದ್ಯುತ್ ಇಲ್ಲದೆ ಕತ್ತಲಲ್ಲಿರುತ್ತಿದ್ದ ಆ ದೇಶದಲ್ಲಿ, ಕುಲಮಾನ್ ಘಿಸಿಂಗ್ 2016ರಲ್ಲಿ ವಿದ್ಯುತ್ ಪ್ರಾಧಿಕಾರದ ಹೊಣೆ ಹೊತ್ತ ಮೇಲೆ ಲೋಡ್‌ಶೆಡ್ಡಿಂಗ್ ಕೊನೆಗೊಂಡಿದ್ದು, ದೂರದುಡಿಮೆಯ ದೃಷ್ಟಿಯಿಂದ ಯಾವ ವೀಸಾ ಸುಧಾರಣೆಗಿಂತಲೂ ದೊಡ್ಡ ಬದಲಾವಣೆ. ಇದಕ್ಕೆ ವಿರುದ್ಧವಾದ ಪಾಠವೂ ಉಂಟು: 2025ರ ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿನ ಸರ್ಕಾರ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್ ಸೇರಿ 26 ಜಾಲತಾಣಗಳನ್ನು ಒಮ್ಮೆಲೇ ಮುಚ್ಚಿಸಿತು, ತರುಣರ ಪ್ರತಿಭಟನೆ ಸಾವುನೋವುಗಳಲ್ಲಿ ಮುಗಿದು ಸರ್ಕಾರವೇ ಉರುಳಿತು. ಇಂಟರ್ನೆಟ್ಟನ್ನೇ ನಂಬಿದವರ ಅನ್ನ ಎಷ್ಟು ತೆಳುವಾದ ದಾರಕ್ಕೆ ತೂಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕನ್ನಡನಾಡಿನವರು ಅಲ್ಲಿ ದುಡಿಯಲು ಹೋಗುವುದು ಹೊಸದೇನೂ ಅಲ್ಲ. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಅವರಲ್ಲಿ ಕರ್ನಾಟಕದಿಂದ ಹೋದವರೇ ಪ್ರಮುಖರು. ಭಕ್ತಪುರದಲ್ಲಿ ಜಂಗಮ ಮಠವೂ ಇದೆ. ದೂರದ ಊರಿನಲ್ಲಿ ಕೆಲಸ, ಸ್ವಂತ ಊರಿನಲ್ಲಿ ಮನೆ ಎಂಬ ಬದುಕಿನ ಹಳೆಯ ಮಾದರಿಯಾಗಿ ಆ ಭಟ್ಟರನ್ನು ನೋಡಬಹುದು.

ಉಳಿದ ದೇಶಗಳ ಲೆಕ್ಕವನ್ನು ಬೇಗ ಹೇಳಬಹುದು, ಏಕೆಂದರೆ ಅಲ್ಲೆಲ್ಲ ಬಾಗಿಲಿನ ಬೆಲೆಯೇ ಹೆಚ್ಚು. ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದ ಐದು ವರ್ಷಗಳ ‘ಡೆಸ್ಟಿನೇಷನ್ ಥಾಯ್ಲೆಂಡ್’ ವೀಸಾದಲ್ಲಿ ಪ್ರತಿ ಪ್ರವೇಶಕ್ಕೆ 180 ದಿನ ಇರಬಹುದಾದರೂ, ಖಾತೆಯಲ್ಲಿ 5 ಲಕ್ಷ ಬಾತ್, ಅಂದರೆ 12 ಲಕ್ಷ ರೂಪಾಯಿಗೂ ಮಿಕ್ಕ ಹಣವನ್ನು ತೋರಿಸಬೇಕು. ಚಿಯಾಂಗ್ ಮಾಯ್ ಪಟ್ಟಣಕ್ಕೆ ಹೋಗುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು ಮತ್ತು ಹೊಲಗಳ ಬೆಂಕಿಯಿಂದ ಕವಿಯುವ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಲೇಷ್ಯದ ‘ಡಿಇ ರಂತಾವ್’ ಪಾಸಿಗೆ ತಂತ್ರಜ್ಞಾನದ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್, ಬೇರೆ ವೃತ್ತಿಯವರಿಗೆ 60,000 ಡಾಲರ್ ಆದಾಯ ಬೇಕು. ಇಂಡೊನೇಷ್ಯದ ಬಾಲಿಗೆ ಹೋಗಲು ಅಲ್ಲಿನ ದೂರದುಡಿಮೆ ವೀಸಾ ಕೇಳುವುದೂ 60,000 ಡಾಲರನ್ನೇ. ಮಾರಿಷಸ್ಸಿನ ಪ್ರೀಮಿಯಂ ವೀಸಾಕ್ಕೆ ಶುಲ್ಕವಿಲ್ಲ, ತಿಂಗಳಿಗೆ 1,500 ಡಾಲರ್ ಆದಾಯ ಸಾಕು. ದ್ವೀಪದ ಬೆಲೆಗಳು ಮಾತ್ರ ಏಷ್ಯದಷ್ಟು ಅಗ್ಗವಲ್ಲ. ಆದರೆ 1834ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಭಾರತೀಯರು ಹಡಗಿಳಿದ ಆ ನಾಡಿನಲ್ಲಿ ಮರಾಠಿ ಮೂಲದ ಸಮುದಾಯವೊಂದು ಈಗಲೂ ಇದ್ದು, ಗಣೇಶ ಚತುರ್ಥಿಗೂ ಯುಗಾದಿಗೂ ಸರ್ಕಾರಿ ರಜೆಯಿದೆ.

ಈ ಅಂಕಿಗಳ ಮುಂದೆ ತಿಂಗಳಿಗೆ ಅರವತ್ತು ಸಾವಿರ ರೂಪಾಯಿ ಸಂಬಳದ ತರುಣನನ್ನು ನಿಲ್ಲಿಸಿ ನೋಡಿದರೆ ಅನ್ಯಾಯ ಸ್ಪಷ್ಟವಾಗುತ್ತದೆ. ಆ ಹಣದಲ್ಲಿ ಆತ ಪೆನಾಂಗ್‌ನಲ್ಲಿ ಮಿತವಾಗಿ ಬದುಕಬಲ್ಲ, ಯಾರಿಗೂ ಹೊರೆಯಾಗಲಾರ. ಆದರೂ ವರ್ಷಕ್ಕೆ 24,000 ಡಾಲರಿನ ಗೆರೆ ಅವನನ್ನು ಹೊರಗಿಡುತ್ತದೆ. ಡಾಲರಿನಲ್ಲಿ ಸಂಬಳ ಪಡೆಯುವವರನ್ನು ಮನಸ್ಸಿನಲ್ಲಿಟ್ಟು ಬರೆದ ಈ ನಿಯಮಗಳು ರೂಪಾಯಿಯಲ್ಲಿ ದುಡಿಯುವವರ ಪ್ರಾಮಾಣಿಕತೆಯನ್ನು ಅಳೆಯುವುದೇ ಇಲ್ಲ ಎಂಬುದು ನೋವಿನ ಸಂಗತಿ.

ವೀಸಾದ ನಂತರ ತೆರಿಗೆ. ಒಬ್ಬರ ಆದಾಯದ ಮೇಲೆ ತೆರಿಗೆ ಹಾಕುವ ಮುಖ್ಯ ಹಕ್ಕು ಯಾವ ದೇಶದ್ದು ಎಂಬುದನ್ನು ಅವರು ಅಲ್ಲಿ ಎಷ್ಟು ದಿನ ಇದ್ದರು ಎಂಬುದರಿಂದ ನಿರ್ಧರಿಸುವ ಪದ್ಧತಿಗೆ ತೆರಿಗೆ ನಿವಾಸ ಎನ್ನುತ್ತಾರೆ. ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ಭಾರತದ ತೆರಿಗೆ ನಿವಾಸಿಗಳು. ವಿಯೆಟ್ನಾಮಿನಲ್ಲಿ ಆ ಮಿತಿ 183 ದಿನ, ಥಾಯ್ಲೆಂಡಿನಲ್ಲಿ 180. ವರ್ಷದ ಅರ್ಧಕ್ಕಿಂತ ಕಡಿಮೆ ಕಾಲ ಮಾತ್ರ ಹೊರಗಿರುವವರಿಗೆ ಈ ತೊಡಕು ಬಹುಮಟ್ಟಿಗೆ ಎದುರಾಗುವುದಿಲ್ಲ. ಕಂಪನಿಯ ಲಿಖಿತ ಅನುಮತಿ ಮಾತ್ರ ಎಲ್ಲ ಸಂದರ್ಭದಲ್ಲೂ ಬೇಕು, ಏಕೆಂದರೆ ನೌಕರರೊಬ್ಬರು ಬೇರೆ ದೇಶದಲ್ಲಿ ಕುಳಿತು ದೀರ್ಘಕಾಲ ಕೆಲಸ ಮಾಡಿದರೆ ಕಂಪನಿಗೇ ಅಲ್ಲಿ ವ್ಯವಹಾರದ ನೆಲೆಯಿದೆ ಎಂದು ಆ ದೇಶದ ತೆರಿಗೆ ಇಲಾಖೆ ವಾದಿಸಬಹುದು. ‘ಶಾಶ್ವತ ಸ್ಥಾಪನೆ’ ಎಂಬ ಈ ಪರಿಕಲ್ಪನೆಯ ಭಯದಿಂದಲೇ ಅನೇಕ ಕಂಪನಿಗಳು ಮನೆಯಿಂದ ಕೆಲಸಕ್ಕೆ ಒಪ್ಪಿದರೂ ವಿದೇಶದಿಂದ ಕೆಲಸಕ್ಕೆ ಒಪ್ಪುವುದಿಲ್ಲ. ಮನೆಗೆ ಹೇಳಿ ಹೊರಟು ಕಂಪನಿಗೆ ಹೇಳದೆ ಹೋಗುವುದು ಸಲ್ಲದು.

ಮೈಂದರ್ಗಿಯವರಲ್ಲಿ ಇದಕ್ಕೆ ಬೇಕಾದ ಒಂದು ಸಿದ್ಧತೆ ಆಗಲೇ ಇದೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ, ಪೇಟೆಯಲ್ಲಿ ಹಿಂದಿ, ಉರ್ದು ಎಂಬುದು ಅಲ್ಲಿ ದಿನದ ಬಾಳು. ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕೆಂದರೂ ಅದು ಜಾರಿಯಾಗದೆ ಉಳಿದಿದ್ದು, ತಮ್ಮದಲ್ಲದ ಭಾಷೆಯ ಅರ್ಜಿಯನ್ನು ತಾಳ್ಮೆಯಿಂದ ತುಂಬುವುದನ್ನು ಅಲ್ಲಿನ ಜನ ತಲೆಮಾರುಗಳಿಂದ ಕಲಿತಿದ್ದಾರೆ. ಹೊರದೇಶದಲ್ಲಿ ಆ ಅಭ್ಯಾಸ ಇಂಗ್ಲಿಷಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ಕಿರಿಯರು ಮೊದಲು ಪೊಖರಾದಲ್ಲಿ ಒಂದೆರಡು ತಿಂಗಳು ಇದ್ದು ನೋಡುವುದು, ದೂರವಿದ್ದು ದುಡಿಯುವ ಶಿಸ್ತು ಕೂಡಿಬಂದರೆ ಮುಂದಿನ ವರ್ಷ ಡಾ ನಾಂಗ್‌ಗೆ ಬರುವುದು ಯುಕ್ತ. ಪಾಸ್‌ಪೋರ್ಟಿಗೆ ಸೊಲ್ಲಾಪುರದ ಅಂಚೆ ಕಚೇರಿಯ ಕೇಂದ್ರದಲ್ಲಿಯೇ ಅರ್ಜಿ ಕೊಡಬಹುದು, ಮುಂಬಯಿಯ ವಿಮಾನಕ್ಕೆ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಇದ್ದೇ ಇದೆ. ಡಾ ನಾಂಗ್‌ನಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಮಳೆ, ಚಂಡಮಾರುತ, ಪ್ರವಾಹಗಳ ಕಾಲ. ಫೆಬ್ರವರಿಯಿಂದ ಆಗಸ್ಟ್‌ವರೆಗಿನ ತಿಂಗಳುಗಳೇ ಅನುಕೂಲ. ಸೊಲ್ಲಾಪುರದ ಗಡ್ಡಾ ಜಾತ್ರೆ ಸಂಕ್ರಾಂತಿಗೆ ಬರುವುದರಿಂದ, ನಂದಿಧ್ವಜಗಳ ಮೆರವಣಿಗೆಯನ್ನು ಮನೆಯವರೊಂದಿಗೆ ಮುಗಿಸಿಕೊಂಡು ಇ-ವೀಸಾಕ್ಕೆ ಅರ್ಜಿ ಹಾಕಿದರೂ ತಡವಾಗುವುದಿಲ್ಲ.