ಉಲ್ಟಾ ಇಲ್ಲದ ಕೌದಿ

ಸಿಂಗಪುರದಲ್ಲಿ ಕೂತು ಕೌದಿ ಹೊಲಿಯುತ್ತೇನೆ ಎಂದರೆ ಊರಿನ ನೆಂಟರಿಗೆ ನಗು. ಭೂಮಧ್ಯರೇಖೆಯಿಂದ ಒಂದೇ ಒಂದು ಡಿಗ್ರಿ ಮೇಲಿರುವ ದ್ವೀಪ. ಸಂಕ್ರಾಂತಿಗೂ ಬೆವರು, ಯುಗಾದಿಗೂ ಬೆವರು, ದೀಪಾವಳಿಗೆ ಬೆವರಿನ ಜೊತೆ ಮಳೆ. ಅಲ್ಲಿ ಹೊದೆಯುವವರು ಯಾರು ಎಂದು ಕೇಳುತ್ತಾರೆ. ಎಲ್ಲರೂ ಹೊದೆಯುತ್ತಾರೆ ಎಂಬುದೇ ಉತ್ತರ. ಚಳಿ ಪುಕ್ಕಟೆ ಸಿಗದ ಊರಿನಲ್ಲಿ ಅದನ್ನು ಕರೆಂಟು ಬಿಲ್ಲು ಕಟ್ಟಿ ಕೊಳ್ಳುತ್ತೇವೆ. ಕೊಂಡ ಚಳಿ ಹೆಚ್ಚಾಯಿತೆಂದು ಹೊದ್ದು ಮಲಗುತ್ತೇವೆ. ರಾತ್ರಿಯಿಡೀ ಎಸಿ ಓಡುವ ಕೋಣೆಗೆ ರಗ್ಗು ಜಾಸ್ತಿ, ಬೆಡ್‌ಶೀಟು ಕಡಿಮೆ. ಎರಡರ ನಡುವಿನ ಜಾಗ ಕೌದಿಯದು.

ಹಾಗಾಗಿ ಕೌದಿ ಬೇಕೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಏಳಲಿಲ್ಲ. ಎಲ್ಲಿ ಹಾಸಿ ಹೊಲಿಯುವುದು ಎಂಬುದು ಎದ್ದಿತು. ನಾನು ಕಂಡ ಕೌದಿಗಳೆಲ್ಲ ನೆಲ ಬೇಡುವಂಥವು. ಧಾರವಾಡದ ಕಡೆ ಸುಗ್ಗಿ ಮುಗಿದು ಬೇಸಿಗೆ ಕಾಲಿಟ್ಟಾಗ ಕೌದಿ ಹೊಲಿಯುವ ಹೆಂಗಸರು ಬಂದರೆಂದರೆ ಪಡಸಾಲೆ ತೆರವು ಮಾಡಿಕೊಡಬೇಕಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಎದುರುಬದುರು ಕೂತು, ಅಂಚಿನಿಂದ ಹೊಲಿಗೆ ಎಳೆಯುತ್ತ ಒಳಗೆ ಸರಿಯುತ್ತಿದ್ದರು. ಅದು ಮುಗಿಯುವ ತನಕ ಮನೆಯವರೆಲ್ಲ ಗೋಡೆ ಸವರಿಕೊಂಡು ಓಡಾಡಬೇಕು. ಜುರಾಂಗ್ ವೆಸ್ಟ್‌ನಲ್ಲಿ ನಮ್ಮದು ಸರಕಾರಿ ವಸತಿ ಮಂಡಳಿಯ, ಅಂದರೆ ಎಚ್‌ಡಿಬಿಯ, ನಾಲ್ಕು ರೂಮಿನ ಮನೆ. ಇಲ್ಲಿನ ಲೆಕ್ಕದಲ್ಲಿ ಹಾಲ್ ಕೂಡ ಒಂದು ರೂಮೇ ಎಂಬುದು ಹೊಸದಾಗಿ ಬಂದವರಿಗೆ ಸ್ವಲ್ಪ ತಡವಾಗಿ ತಿಳಿಯುತ್ತದೆ. ಆ ಹಾಲಿನಲ್ಲಿ ಸೋಫಾ, ಊಟದ ಮೇಜು, ಮಗಳ ಕೀಬೋರ್ಡು, ದೇವರ ಮಂಟಪ ಇವೆಲ್ಲ ನೆಲೆಗೊಂಡ ಮೇಲೆ ಉಳಿಯುವ ನೆಲದಲ್ಲಿ ಯೋಗದ ಚಾಪೆ ಬಿಚ್ಚಬಹುದು. ಕೌದಿ ಬಿಚ್ಚುವುದು ದುರಾಸೆ.

ಮೇಜಿನ ಮೇಲಿನ ಹೊಲಿಗೆ ಯಂತ್ರವೂ ಈ ವಿಷಯದಲ್ಲಿ ಮನೆಗೆ ತಕ್ಕದ್ದೇ. ಸೂಜಿಗೂ ಅದರ ಬಲಗಡೆಯ ಕಂಬಕ್ಕೂ ನಡುವೆ ಇರುವುದು ಆರೇಳು ಅಂಗುಲದ ಕಂಡಿ. ಮಂಚದಗಲದ ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತೂರಿಸಿ ನಡುಭಾಗ ಹೊಲಿಯಲು ಹೊರಡುವುದೆಂದರೆ ಜಮಖಾನವನ್ನು ಅಂಚೆ ಡಬ್ಬಿಗೆ ಹಾಕಲು ಹೋದಂತೆ.

ಇದಕ್ಕೆ ದಾರಿ ತೋರಿಸಿದವರು ನಮ್ಮ ಬ್ಲಾಕಿನ ಏಳನೆಯ ಮಹಡಿಯ ಚೀನೀ ಆಂಟಿ. ಹರೆಯದಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ದುಡಿದವರು. ಕೈ ಇನ್ನೂ ಆ ವೇಗ ಮರೆತಿಲ್ಲ. ಲಿಫ್ಟಿನಲ್ಲಿ ನನ್ನ ಚೀಲದಿಂದ ಇಣುಕುತ್ತಿದ್ದ ಇಳಕಲ್ ಸೀರೆಯ ಸೆರಗು ಕಂಡು ಮಾತಾಡಿಸಿದವರು, ನನ್ನ ನೆಲದ ಕಷ್ಟ ಕೇಳಿ, “ಸ್ಮಾಲ್ ಸ್ಮಾಲ್ ಫಸ್ಟ್ ಲಾ” ಎಂದರು. ಇಡೀ ವಿದ್ಯೆ ಆ ನಾಲ್ಕು ಪದದಲ್ಲಿದೆ. ಇಂಗ್ಲಿಷಿನಲ್ಲಿ ಹೊಲಿಯುವವರು ಇದನ್ನು ‘ಕ್ವಿಲ್ಟ್ ಆ್ಯಸ್ ಯು ಗೋ’ ಎನ್ನುತ್ತಾರೆ: ಹೋದಹೋದಂತೆ ಮುಗಿಸುತ್ತ ಹೋಗುವುದು. ಸಾಮಾನ್ಯ ಕ್ವಿಲ್ಟಿನಲ್ಲಿ ಮೊದಲು ಚಿಂದಿ ಜೋಡಿಸಿ ಮೇಲ್ಮೈ ಪೂರ್ತಿ ಮಾಡಬೇಕು. ಆಮೇಲೆ ಅಡಿಗೊಂದು ಬಟ್ಟೆ, ನಡುವೆ ಹತ್ತಿಯ ಹಾಳೆ ಇಟ್ಟು, ಮೂರನ್ನೂ ಒಟ್ಟಿಗೆ ಹಿಡಿದು ಹೊಲಿಯಬೇಕು. ಈ ಎರಡನೆಯ ಘಟ್ಟಕ್ಕೆ ಹೆದರಿ ಮೇಲ್ಮೈಯಲ್ಲೇ ನಿಂತ ಕ್ವಿಲ್ಟುಗಳು ಜಗತ್ತಿನ ಕಪಾಟುಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಆಂಟಿಯ ದಾರಿಯಲ್ಲಿ ಹಾಗೆ ನಿಲ್ಲಲು ಅವಕಾಶವೇ ಇಲ್ಲ. ಹತ್ತು ಅಂಗುಲದ ಒಂದು ಚೌಕ. ಮುಂದೆ ಬಟ್ಟೆ, ಹಿಂದೆ ಬಟ್ಟೆ, ನಡುವೆ ಹತ್ತಿ. ಮೂರನ್ನೂ ಸೇರಿಸಿ ಹೊಲಿಗೆ ಹಾಕಿ, ಅಂಚು ಕತ್ತರಿಸಿ ಅಳತೆಗೆ ತಂದರೆ ಆ ತುಂಡಿನ ಕೆಲಸ ಸಂಪೂರ್ಣ. ತೊಡೆಯ ಮೇಲೆ ಹಿಡಿಸುತ್ತದೆ, ಯಂತ್ರದ ಕಂಡಿಯಲ್ಲಿ ಆರಾಮಾಗಿ ಓಡಾಡುತ್ತದೆ, ಕುಕ್ಕರ್ ಕೂಗಿದರೆ ಬದಿಗಿಟ್ಟು ಏಳಬಹುದು. ಎಲ್ಲಿ ನಿಲ್ಲಿಸಿದರೂ ಅರ್ಧಕ್ಕೆ ನಿಲ್ಲಿಸಿದೆನೆಂಬ ಕೊರಗಿಲ್ಲ.

ಇದು ಇಂದಿನ ಫ್ಲ್ಯಾಟುಗಳಿಗಾಗಿ ಹುಟ್ಟಿದ ಜಾಣತನವಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ ಹೆಂಗಸರು ಚೌಕಗಳನ್ನು ಹೀಗೆ ಬಿಡಿಬಿಡಿಯಾಗಿ ಹೊಲಿದು, ಒಂದೊಂದಕ್ಕೂ ಸುತ್ತ ಅಂಚುಪಟ್ಟಿ ಕಟ್ಟಿ, ಕೊನೆಗೆ ಎಲ್ಲವನ್ನೂ ಅಂಚಿಗಂಚು ಸೇರಿಸುತ್ತಿದ್ದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಈ ಬಗೆಯ ಹೊದಿಕೆಗಳು ತಯಾರಾದವು. ಒಬ್ಬೊಬ್ಬಳು ತನ್ನ ಮನೆಯಲ್ಲೇ ಒಂದೊಂದು ಚೌಕ ಮುಗಿಸಿ ಕೊಟ್ಟರೆ ಸಾಕು, ಹೊದಿಕೆ ಬೇಗ ಸಿದ್ಧ. ಮುಂದೆ ಜಾರ್ಜಿಯಾ ಬೋನ್‌ಸ್ಟೀಲ್ ಎಂಬಾಕೆ ಟಿವಿಯಲ್ಲಿ ಪಾಠ ಹೇಳಿ, 1982ರಲ್ಲಿ ಪುಸ್ತಕವನ್ನೂ ತಂದು, ತೊಡೆಯ ಮೇಲಿಟ್ಟು ಕ್ವಿಲ್ಟ್ ಹೊಲಿಯುವುದನ್ನು ಮನೆಮನೆಗೆ ಮುಟ್ಟಿಸಿದರು.

ಈ ಕ್ರಮದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಜೋಡಣೆ. ಮುಗಿದ ಎರಡು ಚೌಕಗಳನ್ನು ಸುಮ್ಮನೆ ಸೇರಿಸಿ ಹೊಲಿದರೆ ಒಂದು ಮಗ್ಗಲು ಚೆಂದ, ಇನ್ನೊಂದು ಮಗ್ಗಲಲ್ಲಿ ಅಂಚುಗಳ ದಿಬ್ಬ. ಎರಡೂ ಮಗ್ಗಲು ಸೀದಾ ಇರಬೇಕೆಂದರೆ ಎರಡು ಪಟ್ಟಿ ಬೇಕು. ಮುಂದಿನ ಪಟ್ಟಿಯ ಅಗಲ ಒಂದು ಅಂಗುಲ, ಮೇಲೆ ಅರೆಕಾಲು. ಹಿಂದಿನದು ಒಂದೂ ಮುಕ್ಕಾಲು ಅಂಗುಲ. ಅದನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಹಾಕಿರಬೇಕು. ಮೊದಲ ಚೌಕದ ಮುಂದೊಂದು ಹಿಂದೊಂದು ಪಟ್ಟಿ ಇಟ್ಟು, ಅಂಚುಗಳನ್ನು ಸಮ ಮಾಡಿ, ಕಾಲಂಗುಲ ಒಳಗೆ ಒಂದೇ ಹೊಲಿಗೆ. ಆಮೇಲೆ ಮುಂದಿನ ಪಟ್ಟಿಯ ಇನ್ನೊಂದು ಅಂಚನ್ನು ಎರಡನೆಯ ಚೌಕದ ಮುಂಬದಿಗೆ ಮುಖಕ್ಕೆ ಮುಖ ಕೊಟ್ಟು, ಅದೇ ಕಾಲಂಗುಲಕ್ಕೆ ಇನ್ನೊಂದು ಹೊಲಿಗೆ. ಈಗ ಬಿಡಿಸಿ ಹಾಸಿದರೆ ಎರಡೂ ಚೌಕಗಳ ಅಂಚು ಪಟ್ಟಿಯ ಮರೆಯಲ್ಲಿ ಬಂದು ಒಂದಕ್ಕೊಂದು ತಾಗುತ್ತವೆ. ಈಚೆಯ ಕಾಲು, ಆಚೆಯ ಕಾಲು, ಸೇರಿ ಅರ್ಧ ಅಂಗುಲ. ಪಟ್ಟಿಯಲ್ಲಿ ಮೇಲುಳಿದ ಅರೆಕಾಲು ಹತ್ತಿಯ ದಪ್ಪಕ್ಕೆ ಸಂದಾಯ. ಕೊನೆಗೆ ಹಿಂದಿನ ಮಡಚಿದ ಪಟ್ಟಿಯನ್ನು ಸಂದಿಯ ಮೇಲೆ ಮಗುಚಿ, ಆಚೆಯ ಹೊಲಿಗೆಯ ಗೆರೆ ಮುಚ್ಚುವ ಹಾಗೆ ಎಳೆದು, ಕೈಸೂಜಿಯಿಂದ ಕಾಣದ ಹೊಲಿಗೆ ಹಾಕಿ ಕೂರಿಸುವುದು. ಸಂದಿ ಎಲ್ಲಿತ್ತೆಂದು ಆ ಮೇಲೆ ಹೊಲಿದವಳಿಗೂ ಕಾಣುವುದಿಲ್ಲ.

ಅರೆಕಾಲು ಅಂಗುಲದ ಈ ಲೆಕ್ಕದಲ್ಲಿ ಎಷ್ಟು ಸುಖವಿದೆ ಎಂದು ಹೊಲಿಯದವರಿಗೆ ಹೇಳುವುದು ಕಷ್ಟ. ಪಟ್ಟಿ ಬರೀ ಒಂದು ಅಂಗುಲವಾದರೆ ಒಳಗೆ ಹತ್ತಿ ಒತ್ತಿಕೊಂಡು ಗೆರೆ ಉಬ್ಬುತ್ತದೆ. ಒಂದೂ ಕಾಲಾದರೆ ಸಂದಿ ಬಾಯಿ ಬಿಟ್ಟು ಅಲ್ಲಿ ಪಟ್ಟಿ ಸೊರಗುತ್ತದೆ. ದಾರದ ವಿಷಯವೂ ಹಾಗೆಯೇ. ಮುಂದೆ ಹಸಿರು ಬಟ್ಟೆ, ಹಿಂದೆ ಕೆಂಪು ಎಂದಾದರೆ ಮೇಲಿನ ದಾರ ಹಸಿರು, ಬಾಬಿನ್ನಿನ ದಾರ ಕೆಂಪು ಹಾಕುತ್ತೇನೆ. ಎರಡು ದಾರಗಳೂ ಹತ್ತಿಯ ನಡುವೆ ಕೊಂಡಿ ಹಾಕಿಕೊಂಡು ತಂತಮ್ಮ ಮನೆಗೆ ಮರಳಬೇಕು. ಮೇಲಿನದರ ಬಿಗಿ ಹೆಚ್ಚಾದರೆ ಕೆಂಪು ಚುಕ್ಕೆಗಳು ಹಸಿರಿನಲ್ಲಿ ಇಣುಕುತ್ತವೆ. ಸಡಿಲಾದರೆ ಹಸಿರು ಕೆಳಗಿಳಿಯುತ್ತದೆ. ಬಿಗಿಯ ತಿರುಗಣೆಯನ್ನು ಒಂದು ಗೆರೆ ಅತ್ತ, ಅರ್ಧ ಗೆರೆ ಇತ್ತ ಮಾಡುತ್ತ, ಚಿಂದಿಯ ಮೇಲೆ ಹೊಲಿದು ನೋಡುತ್ತ ಕಳೆದ ಮಧ್ಯಾಹ್ನಗಳು ಎಲ್ಲೂ ಜಮೆಯಾಗುವುದಿಲ್ಲ. ಹೊರಗೆ ಪಯೋನಿಯರ್ ನಿಲ್ದಾಣಕ್ಕೆ ರೈಲು ಬಂದು ಹೋಗುತ್ತಿರುತ್ತದೆ, ಜುರಾಂಗ್ ಪಾಯಿಂಟಿನಲ್ಲಿ ಜನ ಏನೇನೋ ಕೊಳ್ಳುತ್ತಿರುತ್ತಾರೆ. ನನಗೆ ಆ ಚುಕ್ಕೆ ಮಾಯವಾದರೆ ಸಾಕು.

ಬಟ್ಟೆಯ ಬೇಟೆಗೆ ಅದೇ ರೈಲು. ಪಯೋನಿಯರ್‌ನಲ್ಲಿ ಹತ್ತಿದರೆ ಗಾಡಿ ಬದಲಿಸದೆ ಬೂಗಿಸ್‌ವರೆಗೆ ಹೋಗಬಹುದು. ಇಳಿದು ನಡೆದರೆ ಅರಬ್ ಸ್ಟ್ರೀಟಿನ ಬಟ್ಟೆಯಂಗಡಿಗಳು. ಅಲ್ಲಿನ ಬಾಟಿಕ್ ನನ್ನ ಕೆಲಸಕ್ಕೆ ಒಗ್ಗಿದ ಅರಿವೆ. ಕೈಯಿಂದ ಮೇಣ ಹಾಕುವ ಒಳ್ಳೆಯ ಬಾಟಿಕ್‌ನಲ್ಲಿ ಬಟ್ಟೆಯ ಎರಡೂ ಬದಿಗೆ ಮೇಣ ಬಳಿದು ಬಣ್ಣದಲ್ಲಿ ಅದ್ದುತ್ತಾರೆ. ಹೂವು ಎರಡೂ ಕಡೆ ಒಂದೇ ಗಾಢತೆಯಲ್ಲಿ ಅರಳಿರುತ್ತದೆ. ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆಯನ್ನು ತಿರುವಿ ನೋಡಿದರೆ ಬೆನ್ನು ಬಿಳಿಚಿಕೊಂಡಿರುತ್ತದೆ. ಅಂಗಡಿಯಲ್ಲಿ ಮೊದಲು ಉಲ್ಟಾ ಮಗ್ಗಲು ತಿರುವಿ ನೋಡುವುದು ನನಗೆ ಈಗ ಚಟವಾಗಿದೆ.

ಎರಡೂ ಮಗ್ಗಲು ಒಂದೇ ಆಗಿರಬೇಕೆಂಬ ಹಟ ಧಾರವಾಡದವಳಿಗೆ ಹೊಸತೇನಲ್ಲ. ಕಸೂತಿಯ ಗವಂತಿ ಹೊಲಿಗೆಯನ್ನು ನೋಡಿ. ಎಳೆ ಎಣಿಸಿ ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತ ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಬಿಟ್ಟ ಜಾಗ ತುಂಬುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲೂ ಮುರಗಿಯಲ್ಲೂ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಬಟ್ಟೆಯ ಹಿಂದೆಯೂ ಮುಂದಿನಷ್ಟೇ ಅಚ್ಚುಕಟ್ಟು. ಕಸೂತಿಯ ಇನ್ನೆರಡು ಹೊಲಿಗೆಗಳಾದ ನೇಯ್ಗೆ ಮತ್ತು ಮೆಂತೆಯಲ್ಲಿ ಮಾತ್ರ ಹಿಂದು ಮುಂದು ಬೇರೆ. ಸೀರೆಯ ಒಳಮಗ್ಗಲು ಮೈಗೆ ಅಂಟಿಕೊಂಡಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಹೀಗೆ ಹೊಲಿದರು. ನೋಡುವವರಿಗಾಗಿ ಒಂದು ಬದಿ, ತನಗಾಗಿ ಇನ್ನೊಂದು ಬದಿ ಎಂಬ ಹಂಚಿಕೆಯನ್ನೇ ಆ ಹೆಂಗಸರು ಒಪ್ಪಲಿಲ್ಲವೆಂದು ನನಗೆ ತೋರುತ್ತದೆ. ಇಳಕಲ್ ಸೀರೆಗಳನ್ನು ಚೌಕ ಮಾಡಲು ಕತ್ತರಿ ಹಿಡಿದಾಗ ಕಸೂತಿ ಇರುವ ಸೆರಗನ್ನು ಮಾತ್ರ ಪಕ್ಕಕ್ಕಿಡುತ್ತೇನೆ. ಉಳಿದ ಒಡಲನ್ನು ಉಪ್ಪುನೀರಲ್ಲಿ ನೆನೆಸಿ, ಬಣ್ಣ ಬಿಡುವುದು ನಿಂತ ಮೇಲೆಯೇ ಕೆಲಸಕ್ಕೆ ತರುತ್ತೇನೆ.

ಬಟ್ಟೆಯ ಹಿಂಬದಿ ಎಷ್ಟು ಮಾತಾಡಬಲ್ಲದು ಎಂಬುದಕ್ಕೆ ಈ ದ್ವೀಪದ್ದೇ ಒಂದು ಕಥೆ ಇದೆ. ಜುರಾಂಗ್ ಪಡುವಣ ತುದಿ, ಚಾಂಗಿ ಮೂಡಣ ತುದಿ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಸೇರಿದ ಮೇಲೆ ಯುರೋಪಿಯನ್ ಹೆಂಗಸರನ್ನೂ ಮಕ್ಕಳನ್ನೂ ಚಾಂಗಿ ಜೈಲಿನಲ್ಲಿ ಇಟ್ಟರು. ಗಂಡಸರನ್ನು ಅವರಿಂದ ಬೇರೆಯಾಗಿ ಇಟ್ಟಿದ್ದರು. ಬದುಕಿದ್ದಾರೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಎಥೆಲ್ ಮುಲ್ವನಿ ಎಂಬ ಕೆನಡಾದ ಮಹಿಳೆ ಕ್ವಿಲ್ಟ್ ಹೊಲಿಯುವ ಉಪಾಯ ಹೂಡಿದರು. ಒಬ್ಬೊಬ್ಬರಿಗೆ ಒಂದೊಂದು ಚೌಕ. ಅದರಲ್ಲಿ ಹೆಸರು, ಚಿತ್ರ, ಇಷ್ಟವಾದದ್ದು ಹೆಣೆಯಬಹುದು. ಗಾಯಾಳುಗಳಿಗೆಂದು ಆಸ್ಪತ್ರೆಗೆ ಹೋಗುವ ಕ್ವಿಲ್ಟಿನ ಮೇಲೆ ಹೆಂಡತಿಯ ಹೆಸರು ಕಂಡರೆ ಅವಳು ಬದುಕಿದ್ದಾಳೆಂದೇ ಅರ್ಥ. ಉಳಿದಿರುವ ಮೂರು ಕ್ವಿಲ್ಟುಗಳಲ್ಲಿ ತಲಾ 66 ಚೌಕಗಳಿವೆ. ಒಂದು ಬ್ರಿಟಿಷರಿಗೆ, ಒಂದು ಆಸ್ಟ್ರೇಲಿಯನ್ನರಿಗೆ, ಇನ್ನೊಂದು ಗಾಯಗೊಂಡ ಜಪಾನೀ ಸೈನಿಕರಿಗೆ. ಮೂರನೆಯದೂ ಇದ್ದುದರಿಂದ ಕಾವಲುಗಾರರಿಗೆ ಉಳಿದೆರಡನ್ನು ತಡೆಯಲು ಕಾರಣ ಸಿಗಲಿಲ್ಲ ಎನ್ನಬಹುದು. ಈಗ ಆಸ್ಟ್ರೇಲಿಯದ್ದೂ ಜಪಾನಿನದೂ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಆಸ್ಟ್ರೇಲಿಯದ್ದರ ಬೆನ್ನ ಮೇಲೆ ಯಾರು ಯಾರಿಗೆ ಕೊಟ್ಟದ್ದೆಂಬ ಒಕ್ಕಣೆ ಇದೆ. ಅದರ ಕೊನೆಗೆ, ಇದನ್ನು ಡ್ರೈಕ್ಲೀನ್ ಮಾಡಿಸುವುದು ಒಳ್ಳೆಯದೆಂಬ ಸಲಹೆಯೂ ಇದೆ. ಜೈಲಿನಲ್ಲಿ ಕೂತು ಒಗೆತದ ಬಗ್ಗೆ ಯೋಚಿಸಿದ ಆ ಮನೆವಾರ್ತೆಯ ಬುದ್ಧಿಗೆ ನಾನು ಮನಸೋತಿದ್ದೇನೆ.

ಒಗೆತದ ಚಿಂತೆ ನನಗೂ ಇದೆ. ಹಳೆಯ ಎಚ್‌ಡಿಬಿ ಮನೆಗಳ ಅಡುಗೆಮನೆ ಕಿಟಕಿಯಾಚೆ ಬಿದಿರ ಗಳ ಸಿಕ್ಕಿಸಲು ಕೊಳವೆಗಳಿರುತ್ತವೆ. ಬಟ್ಟೆ ಹೇರಿದ ಗಳವನ್ನು ಗಾಳಿಗೆ ಚಾಚಿ ಒಣಗಿಸುವುದು ತೋಳಿಗೆ ಒಳ್ಳೆಯ ಕಸರತ್ತು. ಆರು ಸೀರೆ ಪದರದ ಊರಿನ ಕೌದಿ ನೆನೆದರೆ ಆ ಗಳದ ಗತಿ ಮುಗಿಯಿತು, ಕೆಳಗೆ ಓಡಾಡುವವರದೂ. ಅದಕ್ಕೇ ನನ್ನ ಕೌದಿಯಲ್ಲಿ ತೆಳು ಹತ್ತಿಹಾಳೆ. ಇಲ್ಲಿನ ತೇವದಲ್ಲಿ ದಪ್ಪ ಹತ್ತಿ ಒಳಗೊಳಗೇ ಮುಗ್ಗಲು ಹಿಡಿಯುತ್ತದೆ.

ಹೊಲಿಯುವ ಸುದ್ದಿ ಬ್ಲಾಕಿನಲ್ಲಿ ಹರಡಿದ ಮೇಲೆ ಚಿಂದಿಗೆ ಬರವಿಲ್ಲ. ಎದುರುಮನೆಯ ಮಲಯ್ ಮಕ್‌ಚಿಕ್, ಅಂದರೆ ಆಂಟಿ, ಹರಿ ರಾಯಾ ಹಬ್ಬಕ್ಕೆ ಬಾಜು ಕುರುಂಗ್ ಉಡುಪು ಹೊಲಿಸಿ ಉಳಿದ ತುಂಡುಗಳ ಚೀಲ ತಂದುಕೊಟ್ಟರು. ಅವರಲ್ಲೂ ಚಿಂದಿ ಜೋಡಿಸುವ ಹಳೆಯ ಕಲೆ ಇದೆ. ಚೀನೀಯರಲ್ಲಿ ಎಳೆಗೂಸಿಗೆ ನೂರು ಮನೆಗಳಿಂದ ಬಟ್ಟೆ ಬೇಡಿ ತಂದು ಹೊದಿಕೆ ಮಾಡುವ ಪದ್ಧತಿ ಇತ್ತಂತೆ. ನೂರು ಮನೆ ನಮ್ಮ ಬ್ಲಾಕೊಂದರಲ್ಲೇ ಸಿಗುತ್ತವೆ, ಲಿಫ್ಟೂ ಇದೆ. ಒಂದು ಮಗ್ಗಲು ಇಳಕಲ್, ಇನ್ನೊಂದು ಮಗ್ಗಲು ಬಾಟಿಕ್ ಮಾಡಿ, ಒಂದು ತವರು ಇನ್ನೊಂದು ನೆಲೆ ಎಂದು ರಾಜ್ಯೋತ್ಸವದ ವೇದಿಕೆಗೆ ಒಪ್ಪುವ ಮಾತಾಡಬಹುದಿತ್ತು. ಚೌಕಗಳು ಆ ಭಾಷಣಕ್ಕೆ ಸಹಕರಿಸಲಿಲ್ಲ. ಸಿಕ್ಕ ಬಟ್ಟೆ ಸಿಕ್ಕಲ್ಲಿ ಕೂತು, ಎರಡೂ ಮಗ್ಗಲಲ್ಲಿ ಎಲ್ಲವೂ ಇವೆ. ಮನೆಯಲ್ಲಿ ಮಾತ್ರ ಜಗಳ ತಪ್ಪಿಲ್ಲ. ಮಗಳಿಗೆ ಬಾಟಿಕ್ ಹೆಚ್ಚಿರುವ ಕಡೆ ಮೇಲೆ ಬರಬೇಕು, ಯಜಮಾನರಿಗೆ ಇಳಕಲ್ ಹೆಚ್ಚಿರುವ ಕಡೆ. ಬಂದವರು ಸೀದಾ ಮಗ್ಗಲು ಯಾವುದು ಎಂದು ಕೇಳುತ್ತಾರೆ. ನೀವು ಯಾವ ಕಡೆ ಕೂತಿದ್ದೀರೋ ಅದು ಎನ್ನುತ್ತೇನೆ.

ಒಂದೇ ಬಾಕಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕವಂದಿ ಎಂಬ ತಮ್ಮ ಕೌದಿ ಹೊಲಿಯುವಾಗ ಮೂಲೆಯಿಂದ ಶುರುಮಾಡಿ, ಚಿಂದಿ ಇಡುತ್ತ ಹೊಲಿಯುತ್ತ, ಸುತ್ತು ಹಾಕುತ್ತ ನಡುವಿಗೆ ಬಂದು ನಿಲ್ಲುತ್ತಾರೆ. ಜೋಡಿಸುವುದು ಬೇರೆ, ಹೊಲಿಯುವುದು ಬೇರೆ ಎಂಬ ಭೇದ ಅವರಲ್ಲಿಲ್ಲ. ಹೋದಹೋದಂತೆ ಮುಗಿಸುವ ವಿದ್ಯೆಯನ್ನು ಯಾವ ಟಿವಿಯೂ ಅವರಿಗೆ ಕಲಿಸಬೇಕಾಗಿರಲಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಮೂಲಕ ಈ ಕವಂದಿಗಳು ಕಡಲಾಚೆಯ ಪ್ರದರ್ಶನಗಳನ್ನೂ ಕಂಡಿವೆ. ಆ ಹೆಂಗಸರದು ಒಂದು ನಿಯಮ: ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ ಕೂರಬೇಕು. ಅದಿಲ್ಲದ ಕವಂದಿ ಎಷ್ಟು ಚೆಂದವಿದ್ದರೂ ಬೆತ್ತಲೆಯೇ. ನನ್ನ ಕೌದಿಗೂ ಫೂಲ ಇಡಲೇಬೇಕೆಂದು ತೀರ್ಮಾನಿಸಿ, ಮಕ್‌ಚಿಕ್ ಕೊಟ್ಟ ಹಳದಿ ರೇಷ್ಮೆಯನ್ನು ಅಳೆಯಲು ಕೂತೆ. ಉಲ್ಟಾ ಮಗ್ಗಲನ್ನು ಇಲ್ಲವಾಗಿಸಿದ್ದರ ಬೆಲೆ ಆಗ ಗೊತ್ತಾಯಿತು. ಅವರಿಗೆ ನಾಲ್ಕು ಸಾಕು, ನನಗೆ ಎಂಟು ಬೇಕು.