ನಾಲಗೆಗಿಂತ ಮೊದಲು ಕಿವಿ

ಹೊಸ ಭಾಷೆಯನ್ನು ಕಲಿಯಹೊರಟವರು ಮೊದಲು ಪದಗಳನ್ನು ಕೂಡಿಡುತ್ತಾರೆ. ಅನಂತರ ವ್ಯಾಕರಣವನ್ನು ಕಟ್ಟಿಕೊಳ್ಳುತ್ತಾರೆ. ಲಯವು ತಾನಾಗಿಯೇ ಒದಗೀತೆಂದು ನಂಬುತ್ತಾರೆ. ಅದು ಹಾಗೆ ಒದಗುವುದಿಲ್ಲ.

ಬೆಂಗಳೂರಿನಲ್ಲಿ 1979ರಲ್ಲಿ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆ ಆರಂಭವಾದ ಮೇಲೆ ಫ್ರೆಂಚ್ ಕಲಿತ ಕನ್ನಡಿಗರು ಅನೇಕರು. ಅನ್ನಪೂರ್ಣೇಶ್ವರಿ ನಗರದ ಒಂದು ಮನೆಯಲ್ಲಿಯೂ ತರುಣಿಯೊಬ್ಬಳು ಸಂಜೆಯ ಹೊತ್ತು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದೊಂದು ಪದವೂ ಶುದ್ಧ. ಆದರೂ ಆಕೆಯ ಮಾತು ಫ್ರೆಂಚರಿಗೆ ತಿಳಿಯಲಿಲ್ಲ. ಕಲಿಕೆಯನ್ನೇ ಬಿಟ್ಟುಬಿಡುವ ಮಟ್ಟಿಗೆ ಆಕೆ ನೊಂದಳು.

ಗಮಕ ಬಲ್ಲ ಅಜ್ಜನು ಕೇಳಿದನು. ಭಾಮಿನೀ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಗಣಗಳಿಗೆ ಒಗ್ಗಿದ ಕಿವಿ ಅದು. ಲಘು ಗುರುಗಳನ್ನು ಎಣಿಸಹೋದರೆ ಲೆಕ್ಕ ಕೂಡಲಿಲ್ಲ. ಏಕೆಂದರೆ ಫ್ರೆಂಚಿನಲ್ಲಿ ಅಕ್ಷರಗಳು ಬಹುಮಟ್ಟಿಗೆ ಸಮಗತಿಯಲ್ಲಿ ಸಾಗುತ್ತವೆ. ಅರ್ಥದಿಂದ ಕೂಡಿದ ಪದಗಳ ಗುಂಪೇ ಅಲ್ಲಿಯ ಗಣ. ಗುಂಪಿನ ಕೊನೆಯ ಅಕ್ಷರವೇ ತುಸು ದೀರ್ಘವಾಗಿ ಒತ್ತು ಪಡೆಯುತ್ತದೆ. ಆಕೆಯಾದರೋ ಕನ್ನಡದ ರೂಢಿಯಂತೆ ಪ್ರತಿಪದದ ಆದಿಯನ್ನೇ ಒತ್ತಿ, ಪದಪದಕ್ಕೂ ನಿಲ್ಲುತ್ತಿದ್ದಳು.

ಆದರೆ ಸಂಧಿಯ ಪಾಠ ವ್ಯರ್ಥವಾಗಲಿಲ್ಲ. ಸ್ನೇಹಿತನೆಂಬ ಅರ್ಥದ ‘ಆಮಿ’ ಶಬ್ದದ ಹಿಂದೆ ಏಕವಚನದ ‘ಲ’ ಬಂದರೆ ಸ್ವರ ಲೋಪವಾಗಿ ‘ಲಾಮಿ’ ಆಗುತ್ತದೆ. ಬಹುವಚನದ ‘ಲೆ’ ಬಂದರೆ, ಬರಹದಲ್ಲಿ ಮೂಕವಾಗಿದ್ದ ವ್ಯಂಜನ ಎಚ್ಚೆತ್ತು ‘ಲೆಜ಼ಾಮಿ’ ಆಗುತ್ತದೆ. ಊರು ಶಬ್ದ ‘ಊರಿಂದ’ ಆಗುವುದನ್ನೂ, ಮನೆ ಶಬ್ದ ‘ಮನೆಯಿಂದ’ ಆಗುವುದನ್ನೂ ಬಲ್ಲವರಿಗೆ ಇದು ತೀರ ಅಪರಿಚಿತವಲ್ಲ. ಪದಗಳನ್ನು ಬಿಡಿಸಿ ಓದಿದರೆ ಈ ಬೆಸುಗೆಯೇ ಕಳಚಿಬೀಳುತ್ತದೆ.

ಬೋಧಕರು ಅನುಸರಿಸಬಹುದಾದ ಕ್ರಮ ಸರಳವಾದುದು. ಮೊದಲು ಪದಗಳಿಲ್ಲದೆ ವಾಕ್ಯದ ಏರಿಳಿತವನ್ನು ಗುನುಗಿಸಬೇಕು. ಬಳಿಕ ಅಕ್ಷರಕ್ಕೊಂದರಂತೆ ಸಮನಾಗಿ ಚಪ್ಪಾಳೆ ತಟ್ಟಿಸಬೇಕು. ಆಮೇಲೆ ಗುಂಪಿನ ಕೊನೆಯ ಪದದಿಂದ ಆರಂಭಿಸಿ, ಒಂದೊಂದಾಗಿ ಹಿಂದಿನ ಪದಗಳನ್ನು ಸೇರಿಸುತ್ತ ಬರಬೇಕು. ಹೀಗೆ ಮಾಡಿದರೆ ಕೊನೆಯ ಒತ್ತು ಜಾರುವುದಿಲ್ಲ. ಇದರಲ್ಲಿ ಅವಸರ ಸಲ್ಲದು.

ಪ್ರಶ್ನೆಯ ವಿಷಯದಲ್ಲಂತೂ ಸ್ವರವೇ ಅರ್ಥ. ‘ನೀನು ಬರುತ್ತೀಯೆ’ ಎಂದು ಕೇಳಲು ಕನ್ನಡಕ್ಕೆ ಪ್ರಶ್ನಾರ್ಥಕ ಪ್ರತ್ಯಯವಿದೆ. ಫ್ರೆಂಚ್ ಮಾತುಕತೆಯಲ್ಲಾದರೋ ಹೇಳಿಕೆಯ ಪದಗಳನ್ನೇ ಕೊನೆಯಲ್ಲಿ ಧ್ವನಿಯೇರಿಸಿ ನುಡಿದರೆ ಸಾಕು, ಪ್ರಶ್ನೆಯಾಗುತ್ತದೆ. ಧ್ವನಿ ಏರದಿದ್ದರೆ ಕೇಳಿದವನಿಗೆ ಉತ್ತರವೇ ದೊರೆಯದು.

ಕೆಲವು ವಾರಗಳು ಕಳೆದವು. ಒಂದು ಸಂಜೆ ಆಕೆ ಅದೇ ವಾಕ್ಯವನ್ನು ನುಡಿದಾಗ, ಫ್ರೆಂಚಿನ ಒಂದು ಪದವನ್ನೂ ಅರಿಯದ ಅಜ್ಜನು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, “ಏನನ್ನೋ ಕೇಳಿದೆಯಲ್ಲವೆ?” ಎಂದನು. ಆಕೆಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.