ಉಂಗುರದ ಬೆರಳಿಲ್ಲದವನು

ನಮ್ಮ ಅಲೀಪುರದಲ್ಲಿ ಬೆರಳಿಗೆ ಬೆಲೆ ಹೆಚ್ಚು. ಗೌರಿಬಿದನೂರು ತಾಲ್ಲೂಕಿನ ಉಳಿದ ಊರುಗಳು ಮೋಡ ನೋಡಿಕೊಂಡು ಬದುಕಿದರೆ, ನಮ್ಮೂರು ಹರಳು ನೋಡಿಕೊಂಡು ಬದುಕುತ್ತದೆ. ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿದ ಕಲ್ಲನ್ನು ಸಾಣೆಗೆ ಒಡ್ಡಿ, ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಒಡ್ಡುವ ಅಬ್ಬಾನ ಬೆರಳುಗಳನ್ನು ನೋಡುತ್ತಲೇ ನಾನು ಬೆಳೆದೆ. ಹಾಗೆ ನುಣುಪಾದ ಕಲ್ಲು ಕೊನೆಗೆ ಸೇರುವುದೂ ಬೆರಳನ್ನೇ. ಊರ ಹಿರಿಯರ ಬಲಗೈಯಲ್ಲಿ ಅಕೀಕೋ ಫಿರೋಜಾವೋ ಇಲ್ಲದಿದ್ದರೆ ಆ ಕೈಯ ಸಲಾಮು ಯಾಕೋ ಬೋಳುಬೋಳು.

ಇಂಥ ಊರಿನ ಹುಡುಗ ಮನಸೋತದ್ದು ಎಡಗೈಯ ಉಂಗುರದ ಬೆರಳನ್ನೇ ಕತ್ತರಿಸಿಕೊಂಡ ಒಬ್ಬ ನಾಯಕನಿಗೆ. ಹೆಸರು ಅಲ್ತಾಯಿರ್. ಊರು ಸಿರಿಯಾದ ಮಸ್ಯಾಫ್ ಕೋಟೆ. ಕಾಲ 1191. ಕೆಲಸ, ಹೇಳಿದವರನ್ನು ಸದ್ದಿಲ್ಲದೆ ಮುಗಿಸುವುದು. ಮಣಿಕಟ್ಟಿನ ಕೆಳಗೆ ಬಚ್ಚಿಟ್ಟ ಚೂರಿ ಮುಂದಕ್ಕೆ ಚಿಮ್ಮಲು ದಾರಿ ಬೇಕಲ್ಲ, ಆ ಬೆರಳಿದ್ದ ಜಾಗವೇ ದಾರಿ. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋದವರು 2007ರಲ್ಲಿ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್’ ಆಟವದು. ತಮಾಷೆಯೆಂದರೆ, ಕೀಬೋರ್ಡಿನಲ್ಲಿ ಆ ಬೆರಳಿಲ್ಲದವನನ್ನು ಎಡಕ್ಕೆ ಸರಿಸಲು ‘ಎ’ ಗುಂಡಿ ಒತ್ತಬೇಕು. ಅದನ್ನು ಒತ್ತುವುದು ನನ್ನ ಎಡಗೈಯ ಉಂಗುರದ ಬೆರಳೇ. 2009ರ ಎರಡನೆಯ ಆಟದಲ್ಲಿ ಲಿಯೊನಾರ್ಡೊ ಡಾ ವಿಂಚಿ ಬಂದು ಚೂರಿಯನ್ನು ತಿದ್ದಿಕೊಟ್ಟ, ಬೆರಳು ಉಳಿಯಿತು. ಅಬ್ಬಾನಿಗೆ ಹೇಳಿದಾಗ, “ಅವನೊಬ್ಬನಿಗಾದರೂ ನಮ್ಮ ವ್ಯಾಪಾರದ ಚಿಂತೆ ಇತ್ತಲ್ಲ” ಅಂದರು.

ಆಟ ನಮ್ಮ ಮನೆಗೆ ಬಂದದ್ದು 2009ರ ಬೇಸಿಗೆಯಲ್ಲಿ. ಕಲ್ಲು ಮಾರಲು ಬ್ಯಾಂಕಾಕಿಗೆ ಹೋಗಿಬರುತ್ತಿದ್ದ ಚಾಚಾ ಬಟ್ಟೆಯ ನಡುವೆ ಸುತ್ತಿ ಒಂದು ಗ್ರಾಫಿಕ್ಸ್ ಕಾರ್ಡು ತಂದಿದ್ದರು. ಡಿಸ್ಕನ್ನು ನಾನೇ ಬೆಂಗಳೂರಿನ ಫುಟ್‌ಪಾತಿನಲ್ಲಿ ಎಪ್ಪತ್ತು ರೂಪಾಯಿಗೆ ಕೊಂಡೆ. ಅದು ಅಸಲಿಯಲ್ಲ ಅಂತ ಬೇರೆ ಹೇಳಬೇಕಿಲ್ಲ. ಗಾಜಿನ ಚೂರನ್ನು ಯಾಕೂತ್ ಎಂದು ಮಾರಿದವನ ಜೊತೆ ನಮ್ಮೂರಲ್ಲಿ ಚಹಾ ಕುಡಿಯುವವರೂ ಸಿಗುವುದಿಲ್ಲ. ಅಂಥ ಊರಿನ ಹುಡುಗ ನಕಲಿ ಮಾಲನ್ನು ಚೀಲದ ತಳಕ್ಕೆ ತಳ್ಳಿ, ಕದ್ದು ಕದ್ದು ಮನೆಗೆ ತಂದ. ಕದ್ದು ನಡೆಯುವ ಮೊದಲ ಪಾಠ ಆಟಕ್ಕೆ ಮುಂಚೆಯೇ ಆಗಿತ್ತು.

ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ. ಹತ್ತುವುದು ಇಷ್ಟ. ಕಿಟಕಿ, ತೊಲೆ, ಗೋಡೆಯ ಬಿರುಕು, ಕೈಗೆ ಸಿಕ್ಕಿದ್ದೆಲ್ಲ ಮೆಟ್ಟಿಲು. ಜೆರುಸಲೇಮ್, ಏಕರ್, ದಮಾಸ್ಕಸ್ ಮೂರು ನಗರಗಳ ಗೋಪುರಗಳ ತುದಿಗೇರಿ ಕೂತರೆ ಕೆಳಗೆ ಊರು ಹಾಸಿದ ಕಂಬಳಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎರಡೂ ಕೈ ಚಾಚಿ, ಮೇಲಿಂದ ನೇರ ಹುಲ್ಲಿನ ಗಾಡಿಗೆ ಹಾರಬೇಕು. ಗಾಳಿಯಲ್ಲಿ ಹದ್ದಿನ ಕೂಗು. ಎದ್ದು ಮೈಕೊಡವಿಕೊಂಡು ನಡೆದರಾಯಿತು.

ನಮ್ಮ ಮನೆಯ ಹಿಂದೆಯೂ ಒಂದು ರಾಗಿ ಹುಲ್ಲಿನ ಮೆದೆಯಿತ್ತು, ಅದರ ಪಕ್ಕಕ್ಕೆ ಗೋಡೆಯೂ ಇತ್ತು. ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ಆಟ ಮಾಡಿದವರಿಗೆ ರಾಗಿ ಹುಲ್ಲಿನ ಪರಿಚಯವಿಲ್ಲ. ಅದು ಹಾಸಿಗೆಯಲ್ಲ, ಒಟ್ಟಿಟ್ಟ ಕಡ್ಡಿಗಳ ರಾಶಿ. ಹದ್ದಿನ ಬದಲು ಕೂಗಿದವನು ಮೆದೆಯ ಯಜಮಾನ, ಅದೂ ತೆಲುಗಿನಲ್ಲಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಬೈಸಿಕೊಳ್ಳುವುದಕ್ಕೆ ತೆಲುಗು. ನಮ್ಮ ಗಡಿನಾಡಿನ ವ್ಯವಸ್ಥೆಯೇ ಹಾಗೆ. ಹದಿನೈದು ದಿನ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತೆ. ಕೂತಲ್ಲೇ ಅಲ್ತಾಯಿರ್ ಹಾರಿದ.

ಇನ್ನು ಇಷ್ಟವಾಗದ್ದು. ನೀರಿಗೆ ಬಿದ್ದರೆ ಈ ಮಹಾವೀರ ಸತ್ತೇಹೋಗುತ್ತಾನೆ. ಬಾವಿಯಲ್ಲಿ ಈಜು ಕಲಿತ ನಮ್ಮೂರ ಹುಡುಗರು ಇದನ್ನು ಕೇಳಿ ನಕ್ಕರು. ಬೀದಿಯಲ್ಲಿ ಕಾಸು ಬೇಡುವ ಹೆಂಗಸರು ಓಡುವವನಿಗೇ ಅಡ್ಡ ಬರುತ್ತಾರೆ. ಕೊಲ್ಲಬೇಕಾದ ಒಂಬತ್ತು ಜನರಲ್ಲಿ ಒಬ್ಬೊಬ್ಬನಿಗೂ ಅದೇ ಕಟ್ಟಳೆ: ಬೆಂಚಿನ ಮೇಲೆ ಕೂತು ಗುಟ್ಟು ಕೇಳು, ಜೇಬಿನಿಂದ ಕಾಗದ ಕದಿ, ಒಬ್ಬನನ್ನು ಗುದ್ದಿ ಬಾಯಿ ಬಿಡಿಸು. ಮೂರನೆಯವನ ಹೊತ್ತಿಗೆ ಇದು ಕೊಲೆಯಲ್ಲ, ತಾಲ್ಲೂಕು ಕಚೇರಿಯ ಕಡತ ಅನ್ನಿಸತೊಡಗುತ್ತದೆ. ಸಾಲದ್ದಕ್ಕೆ ನಗರಗಳ ತುಂಬ, ಹಾದಿಯ ತುಂಬ ಬಚ್ಚಿಟ್ಟ ಬಾವುಟಗಳನ್ನು ಹುಡುಕಬೇಕು. ಒಟ್ಟು 420. ಆ ಸಂಖ್ಯೆ ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು. ಎಲ್ಲವನ್ನೂ ಹುಡುಕಿದವನ ಕೈಗೆ ಕಂಪ್ಯೂಟರ್ ಏನನ್ನೂ ಕೊಡುವುದಿಲ್ಲ. ನಮ್ಮದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಜನ ಒಂದೇ ಒಂದು ಬಾವುಟ ಹಾರಿಸಲು ಸೇರಿ ಗುಂಡಿಗೆ ಎದೆಯೊಡ್ಡಿದ್ದರು. ನಾನು ಅದರ ಸ್ಮಾರಕವನ್ನು ಸರಿಯಾಗಿ ನೋಡಿರಲಿಲ್ಲ, ಏಕರ್‌ನ ಮಾಡುಗಳ ಮೇಲೆ ನೂರು ಬಾವುಟ ಎಣಿಸುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ತಕರಾರು ತಡವಾಗಿ ಹುಟ್ಟಿತು. ಈ ಆಟದ ಕೊಲೆಗಾರರು ಬರೀ ಕಲ್ಪನೆಯವರಲ್ಲ. ಅವರು ನಿಜಾರಿ ಇಸ್ಮಾಯಿಲಿಗಳು, ನಮ್ಮ ಹಾಗೆ ಶಿಯಾ ಬಳ್ಳಿಯ ಒಂದು ಕವಲು. ನಮ್ಮ ಎಣಿಕೆಯ ಆರನೆಯ ಇಮಾಮ್ ಜಾಫರ್ ಸಾದಿಕರ ತನಕ ಅವರ ಸಾಲೂ ನಮ್ಮ ಸಾಲೂ ಹೆಚ್ಚುಕಡಿಮೆ ಒಂದೇ. ಅಲ್ಲಿಂದ ಅವರು ಇಸ್ಮಾಯಿಲರ ದಾರಿ ಹಿಡಿದರು, ನಾವು ಹನ್ನೆರಡನೆಯವರ ತನಕ ನಡೆದೆವು. 1090ರಲ್ಲಿ ಹಸನ್ ಸಬ್ಬಾಹ್ ಇರಾನಿನ ಅಲಮೂತ್ ಕೋಟೆಯನ್ನು ಹಿಡಿದ. ಸುತ್ತಲೂ ದೊಡ್ಡ ಸೇನೆಗಳು, ಇವರು ಬೆರಳೆಣಿಕೆಯವರು. ದಂಡು ಕಟ್ಟಲಾಗದವರು ದಂಡಿನ ಒಡೆಯನನ್ನೇ ಗುರಿ ಮಾಡಿದರು. ಸಿರಿಯಾದ ಕವಲಿನ ಮುಖಂಡ ರಶೀದುದ್ದೀನ್ ಸಿನಾನ್. ಆಟದಲ್ಲಿ ಅಲ್ತಾಯಿರನ ಗುರುವಾಗಿ ಬರುವ ಮುದುಕನ ಹಿಂದಿರುವ ನೆರಳು ಅವನದೇ. 1176ರಲ್ಲಿ ಸಲಾಹುದ್ದೀನ್ ಮಸ್ಯಾಫಿಗೆ ಮುತ್ತಿಗೆ ಹಾಕಿ, ಗೆಲ್ಲದೆ ಹಿಂದಿರುಗಿದ. 1192ರಲ್ಲಿ ಕ್ರುಸೇಡರುಗಳ ನಾಯಕ ಕಾನ್ರಾಡ್ ಟೈರ್ ನಗರದ ಬೀದಿಯಲ್ಲಿ ಇವರ ಚೂರಿಗೆ ಬಿದ್ದ. 1256ರಲ್ಲಿ ಮಂಗೋಲರು ಅಲಮೂತನ್ನು ಕೆಡವಿದರು. ಹಗೆಗಳು ಅವರನ್ನು ಗಾಂಜಾ ಸೇವಿಸುವವರು ಎಂದು ಹಳಿದ ಬೈಗುಳ ಯುರೋಪಿಗೆ ಹೋಗಿ, ‘ಅಸ್ಯಾಸಿನ್’ ಆಗಿ, ಕೊಲೆಗಾರ ಎನ್ನುವುದಕ್ಕೆ ಹೆಸರೇ ಆಯಿತು. ಮಾರ್ಕೊ ಪೋಲೊ ಅದಕ್ಕೊಂದು ಮಾಯದ ತೋಟ ಸೇರಿಸಿದ. 1938ರಲ್ಲಿ ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೊಲ್ ಅದನ್ನು ‘ಅಲಮೂತ್’ ಕಾದಂಬರಿಯಾಗಿಸಿದ. ಆ ಕಾದಂಬರಿಯಿಂದ ಸ್ಫೂರ್ತಿ ಪಡೆದು ಈ ಆಟ ಹುಟ್ಟಿತು.

ಅದೇ ನಿಜಾರಿ ಪಂಥದ ಇಮಾಮರೊಬ್ಬರು ಕಟ್ಟಿಸಿದ ಪುಣೆಯ ಆಗಾ ಖಾನ್ ಅರಮನೆಯಲ್ಲೇ 1942ರಲ್ಲಿ ಗಾಂಧೀಜಿಯನ್ನು ಸೆರೆಯಿಟ್ಟದ್ದು. ಶಾಲೆ, ಆಸ್ಪತ್ರೆಗಳಿಗೆ ಹೆಸರಾದ ಸಮುದಾಯ ಅದು. ಆಟದ ಮಸ್ಯಾಫಿನಲ್ಲಿ ನನಗೆ ಇಮಾಮರ ಹೆಸರು ಕೇಳಿಸಲಿಲ್ಲ, ಎದೆ ಬಡಿದುಕೊಳ್ಳುವ ಮಾತಮಿನ ಒಂದು ದನಿಯೂ ಇಲ್ಲ. ಕಲ್ಲನ್ನು ಒಡೆದು, ಹೊಳೆಯುವ ಒಂದು ಮುಖವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಪುಡಿಯ ಜೊತೆ ಗುಡಿಸಿ ಎಸೆದ ಹಾಗೆ.

ಇದನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ನನ್ನ ದಾದಿಗೆ, ಅಂದರೆ ಅಜ್ಜಿಗೆ, ಓದದೆಯೇ ತಿಳಿದಿತ್ತು.

ಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ದಿನಗಳವು. ದಾದಿ ತಸ್ಬೀಹ್ ಎಣಿಸುತ್ತ ನನ್ನ ಹಿಂದೆ ಬಂದು ಕೂತಳು. “ಇದು ಯಾವ ಊರು, ಬೇಟಾ?” ಅಂದಳು.

“ದಮಾಸ್ಕಸ್.” ಅವಳ ಮುಖದಲ್ಲಿ ಏನೂ ಕದಲಲಿಲ್ಲ. “ಶಾಮ್, ದಾದಿ. ಶಾಮ್ ಅಂತಾರಲ್ಲ, ಅದೇ.”

ಅವಳು ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಶಾಮಿನ ಬಜಾರು ಎಂದರೆ ನಮ್ಮೂರಲ್ಲಿ ಒಂದೇ ಅರ್ಥ. ಕರ್ಬಲಾದ ಕಾಳಗದಲ್ಲಿ ಬದುಕುಳಿದವರನ್ನು, ನಮ್ಮ ಮೊದಲ ಇಮಾಮ್ ಅಲಿಯ ಮಗಳು ಜೈನಬರನ್ನು, ಸೆರೆಯಾಳುಗಳಾಗಿ ನಡೆಸಿಕೊಂಡು ಹೋದ ಬೀದಿ ಅದು. ಪ್ರತಿ ಮೊಹರಮಿನಲ್ಲೂ ಮಜ್ಲಿಸ್ ಎಂಬ ಶೋಕಸಭೆಯ ಕಥನ ಆ ಬಜಾರಿಗೆ ಬಂದಾಗ ಗಂಡಸರ ದನಿಯೂ ಒಡೆಯುತ್ತದೆ. ಆಟದ ಕಥೆ ಅದಕ್ಕೆ ಐನೂರು ವರ್ಷ ಆಮೇಲಿನದು ಎಂದೆ. “ಬಜಾರು ಅದೇ ತಾನೆ?” ಅಂದಳು.

ಬಜಾರಿನಲ್ಲೇ ನನ್ನ ಮೊದಲ ಬೇಟೆಯೂ ಇದ್ದ, ತಾಮಿರ್ ಎಂಬ ಆಯುಧ ವ್ಯಾಪಾರಿ. ಹಿಂದಿನಿಂದ ಹೋಗಿ ಮುಗಿಸಿದೆ. ಸಣ್ಣ ಸದ್ದೂ ಇಲ್ಲ. ಹೆಮ್ಮೆಯಿಂದ ತಿರುಗಿ ನೋಡಿದೆ.

“ವ್ಯಾಪಾರಿಯಾ? ಬಾಕಿ ಕೊಡಬೇಕಿತ್ತಾ?” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. “ಹಿಂದಿನಿಂದ ಹೊಡೆದೆಯಲ್ಲೋ.”

ಮುಂದೆ ಅವಳು ಹೇಳಬೇಕಿರಲಿಲ್ಲ. ಹಿಜರಿ 40ರ ರಮ್ಜಾನ್ 19, ಕೂಫಾದ ಮಸೀದಿ, ಬೆಳಗಿನ ನಮಾಜು. ವಿಷ ಸವರಿದ ಕತ್ತಿ ಹಿಡಿದು ಕಾದಿದ್ದ ಇಬ್ನ್ ಮುಲ್ಜಮ್. ಹೊಡೆತ ತಿಂದವರು ನಮ್ಮ ಊರ ಹೆಸರಿನಲ್ಲೇ ಇರುವ ಅಲಿ. ತಮಗೆಂದು ತಂದ ಹಾಲನ್ನು ಆ ಕೊಲೆಗಾರನಿಗೂ ಕೊಡಿ ಎಂದರಂತೆ ಎಂಬಲ್ಲಿಗೆ ಬಂದಾಗ ಮಜ್ಲಿಸಿನಲ್ಲಿ ದಾದಿ ಪ್ರತಿ ವರ್ಷ ಹೊಸದಾಗಿ ಕೇಳಿದವಳಂತೆ ಅಳುತ್ತಿದ್ದಳು. ಸತ್ತವರ ಕಡೆ ನಿಂತು ಎದೆ ಬಡಿದುಕೊಳ್ಳುವ ಊರಿನಲ್ಲಿ ಕೂತು ನಾನು ಬಚ್ಚಿಟ್ಟ ಚೂರಿಯ ಕಡೆ ನಿಂತಿದ್ದೆ.

“ಇವನಿಗೆ ಸುಮ್ಮನೆ ನಡೆಯೋಕೆ ಬರಲ್ವಾ?”

ಬರುತ್ತಿತ್ತು. ಒಂದು ಗುಂಡಿ ಒತ್ತಿ ಹಿಡಿದರೆ ಅಲ್ತಾಯಿರ್ ತಲೆ ಬಗ್ಗಿಸಿ, ಎರಡೂ ಕೈ ಜೋಡಿಸಿ, ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಾನೆ. ಬಿಳಿ ನಿಲುವಂಗಿಯ ವಿದ್ವಾಂಸರ ನಡುವೆ ಸೇರಿಕೊಳ್ಳಲು ಇಟ್ಟ ಉಪಾಯ ಅದು. ವಿಪರೀತ ನಿಧಾನ. ಆ ಗುಂಡಿಯನ್ನು ನಾನು ಅಲ್ಲಿಯವರೆಗೆ ಬೈಯುತ್ತಲೇ ಒತ್ತಿದ್ದೆ.

“ಹೀಗೇ ನಡೆಸು” ಅಂದಳು. “ಆ ಬಜಾರಿನಲ್ಲಿ ಹೀಗೇ ನಡೀಬೇಕು.”

ನಡೆಸಿದೆ. ರೇಷ್ಮೆಯ ಅಂಗಡಿ, ಮಡಕೆಯ ಅಂಗಡಿ, ಕಮಾನು, ನೆರಳು. ದಾದಿಯ ತಸ್ಬೀಹ್ ಮಣಿಗಳು ಅವನ ಹೆಜ್ಜೆಗೆ ಸರಿಯಾಗಿ ಉರುಳುತ್ತಿದ್ದವು. ಬೀದಿಯ ಕೊನೆಯಲ್ಲಿ ಒಬ್ಬ ಕಾವಲಿನವನು, ಬೆನ್ನು ನಮ್ಮ ಕಡೆಗೆ. ಅಷ್ಟು ಸುಲಭದ ಬೇಟೆ ಸಿಗುವುದು ಅಪರೂಪ. ಹಿಂದೆ ಮಣಿಗಳ ಸದ್ದು ನಿಂತಿತು.

ನಾನು ಉಂಗುರದ ಬೆರಳನ್ನು ಒತ್ತಿ ಎಡಕ್ಕೆ ಸರಿದು ಅವನನ್ನು ದಾಟಿದೆ. ಮಣಿಗಳು ಮತ್ತೆ ಉರುಳಿದವು.